ಪುಟದೊಳಗಿನ ಪುಟಕ್ಕೆ ಅನುಮತಿ ಕೊಟ್ಟವರು ಯಾರು?

ಕಳೆದ ವರ್ಷ ಊರಿನ ಒಂದು ಚಿಕ್ಕ ಗ್ರಂಥಾಲಯಕ್ಕೆ ವೆಬ್‌ಸೈಟ್ ಮಾಡಿಕೊಟ್ಟೆ. ಹೊಸ ಪುಸ್ತಕಗಳ ಪಟ್ಟಿ, ಬಾಗಿಲು ತೆಗೆಯುವ ವೇಳೆ, ನಾಲ್ಕು ಫೋಟೊ, ಅಷ್ಟೇ. ದೇಣಿಗೆ ಕೊಡುವವರಿಗೆ ಅನುಕೂಲ ಆಗಲಿ ಅಂತ ಒಂದು ಕಂಪನಿಯ ದೇಣಿಗೆ ಫಾರಂ ಅನ್ನು ಪುಟದೊಳಗೆ ಕೂರಿಸಿದ್ದೆ. ಅದರಲ್ಲೊಂದು ಕ್ಯೂಆರ್ ಕೋಡ್, ಕೆಳಗೆ ಯುಪಿಐ ಐಡಿ, ಪಕ್ಕದಲ್ಲಿ ‘ಕಾಪಿ ಮಾಡಿ’ ಅನ್ನುವ ಬಟನ್. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಫೈರ್‌ಫಾಕ್ಸ್. ಬಟನ್ ಒತ್ತಿದೆ, ಕಾಪಿ ಆಯಿತು, ಪೇಸ್ಟ್ ಮಾಡಿ ನೋಡಿದೆ, ಸರಿಯಾಗಿತ್ತು. ಕೆಲಸ ಮುಗಿಯಿತು ಅಂದುಕೊಂಡೆ.

ಎರಡು ವಾರದ ಮೇಲೆ ಗ್ರಂಥಾಲಯ ನೋಡಿಕೊಳ್ಳುವ ಹಿರಿಯರು ಫೋನ್ ಮಾಡಿದರು. “ಆ ಬಟನ್ ಒತ್ತಿ ಪೇಸ್ಟ್ ಮಾಡಿದ್ರೆ ಏನೇನೋ ಬರ್ತದಂತೆ ಕಣಪ್ಪ. ಒಬ್ರಿಗೆ ಅವರ ಮನೆ ಓನರ್ ಯುಪಿಐ ಐಡಿ ಬಂದುಬಿಟ್ಟಿದೆ. ಹೆಸರು ನೋಡಿಕೊಂಡ್ರು, ಇಲ್ಲಾಂದ್ರೆ ದುಡ್ಡು ಅಲ್ಲಿಗೇ ಹೋಗ್ತಿತ್ತು.” ಆ ದಾನಿ ಹಿಂದಿನ ದಿನ ಬಾಡಿಗೆ ಕಟ್ಟಲು ಕಾಪಿ ಮಾಡಿಕೊಂಡಿದ್ದ ಐಡಿ ಅದು. ನಮ್ಮ ಬಟನ್ ಏನನ್ನೂ ಕಾಪಿ ಮಾಡಿರಲಿಲ್ಲ. ಹಳೆಯದೇ ಉಳಿದಿತ್ತು. ದಾನಿಗಳ ಕೈಯಲ್ಲಿ ಇದ್ದದ್ದು ಕ್ರೋಮ್.

ಕ್ರೋಮ್‌ನಲ್ಲಿ ಅದೇ ಪುಟ ತೆರೆದು ಡೆವಲಪರ್ ಟೂಲ್ಸ್ ನೋಡಿದೆ. ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂದಿತ್ತು: ಈ ಪುಟಕ್ಕೆ ಅನ್ವಯಿಸಿರುವ ಪರ್ಮಿಷನ್ಸ್ ಪಾಲಿಸಿಯಿಂದಾಗಿ ಕ್ಲಿಪ್‌ಬೋರ್ಡ್ ತಡೆಯಲಾಗಿದೆ. ಕಾಪಿ ಮಾಡಿದ್ದು ಪೇಸ್ಟ್ ಮಾಡುವವರೆಗೆ ಕೂತಿರುವ ಜಾಗವೇ ಕ್ಲಿಪ್‌ಬೋರ್ಡ್. ನಾನು ಯಾವ ಪಾಲಿಸಿಯನ್ನೂ ಬರೆದಿರಲಿಲ್ಲ. ಬರೆಯದೇ ಇದ್ದದ್ದೇ ಪಾಲಿಸಿ ಆಗಿತ್ತು. ಫಾರಂ ಕೂರಿಸಿದ ಸಾಲಿನಲ್ಲಿ ಒಂದೇ ಒಂದು ಪದ ಸೇರಿಸಿದೆ, ಬಟನ್ ಕೆಲಸ ಮಾಡಿತು.

ಯಾರೂ ಏನೂ ಹೇಳದೇ ಇದ್ದಾಗ ಏನಾಗುತ್ತದೋ ಅದೇ ಡೀಫಾಲ್ಟ್. ನೂರರಲ್ಲಿ ಹೆಚ್ಚಿನ ಜನ ಏನೂ ಹೇಳುವುದೇ ಇಲ್ಲ. ಹಾಗಾಗಿ ವೆಬ್‌ನಲ್ಲಿ ನಿಜವಾದ ತೀರ್ಮಾನ ಆಗುವುದು ಡೀಫಾಲ್ಟ್‌ನಲ್ಲಿ. ಆ ತೀರ್ಮಾನ ಒಂದು ಬ್ರೌಸರ್‌ನಲ್ಲಿ ಒಂಥರಾ, ಇನ್ನೊಂದರಲ್ಲಿ ಇನ್ನೊಂಥರಾ ಇದ್ದರೆ ಅದರ ಏಟು ಬೀಳುವುದು ಪುಟ ಬಳಸುವವರ ಮೇಲೆ.

ಸ್ವಲ್ಪ ಹಿಂದಿನಿಂದ ಶುರು ಮಾಡೋಣ. ಒಂದು ವೆಬ್ ಪುಟದೊಳಗೆ ಬೇರೆ ಸೈಟಿನ ಪುಟವನ್ನು ಕಿಟಕಿಯ ಹಾಗೆ ಕೂರಿಸುವುದಕ್ಕೆ ಐಫ್ರೇಮ್ ಅಂತಾರೆ. ವೆಬ್ ಪುಟ ಬರೆಯುವ ಭಾಷೆಯ 1997ರ ಡಿಸೆಂಬರ್‌ನ ಆವೃತ್ತಿ, ಎಚ್‌ಟಿಎಂಎಲ್ 4.0, ಇದನ್ನು ಅಧಿಕೃತ ಮಾಡಿತು. ಸುದ್ದಿ ಸೈಟಿನ ನಡುವೆ ಓಡುವ ಯೂಟ್ಯೂಬ್ ವಿಡಿಯೊ, ಮದುವೆ ಆಮಂತ್ರಣದ ಪುಟದಲ್ಲಿ ಛತ್ರದ ದಾರಿ ತೋರಿಸುವ ಮ್ಯಾಪ್, ಪಕ್ಕದಲ್ಲಿ ಬರುವ ಜಾಹೀರಾತು, ಎಲ್ಲವೂ ಹೆಚ್ಚಾಗಿ ಐಫ್ರೇಮ್‌ಗಳೇ. ಓದುಗರಿಗೆ ಅದು ಒಂದೇ ಪುಟ. ಬ್ರೌಸರ್‌ಗೆ ಮಾತ್ರ ಅದು ಹೊರಗಿನ ಪುಟ ಒಂದು, ಒಳಗಿನ ಪುಟಗಳು ಹಲವು. ಪ್ರತಿಯೊಂದಕ್ಕೂ ಒಡೆಯರು ಬೇರೆ.

1997ರಲ್ಲಿ ಇದರಲ್ಲಿ ದೊಡ್ಡ ಅಪಾಯ ಏನೂ ಇರಲಿಲ್ಲ. ಪುಟ ಏನು ಮಾಡೀತು? ಅಕ್ಷರ, ಚಿತ್ರ ತೋರಿಸೀತು. ಆಮೇಲೆ ಬ್ರೌಸರ್‌ಗೆ ಕ್ಯಾಮೆರಾ ಬಂತು, ಮೈಕ್ ಬಂತು, ನಾವು ಎಲ್ಲಿದ್ದೇವೆ ಅಂತ ಹೇಳುವ ಲೊಕೇಶನ್ ಬಂತು, ಫೋನ್ ಅಲುಗಾಡಿದ್ದನ್ನು ಅಳೆಯುವ ಸೆನ್ಸರ್‌ಗಳು ಬಂದವು. ಆಗ ಒಂದು ಪ್ರಶ್ನೆ ಎದ್ದಿತು. ಹೊರಗಿನ ಪುಟವನ್ನು ನಂಬಿ ನಾವು ಮೈಕ್ ಕೊಟ್ಟರೆ, ಒಳಗೆ ಕೂತಿರುವ ಪುಟಕ್ಕೂ ಮೈಕ್ ಸಿಗಬೇಕಾ? ಜಾತ್ರೆಯಲ್ಲಿ ಮಳಿಗೆ ಹಾಕಲು ಜಾಗ ಕೊಟ್ಟರೆ ದೇವಸ್ಥಾನದ ಮೈಕ್‌ಸೆಟ್ಟನ್ನೂ ಕೊಟ್ಟ ಹಾಗೆ ಆಗುತ್ತಾ?

ಬಹಳ ದಿನ ಇದಕ್ಕೆ ಒಂದು ಸರಿಯಾದ ಉತ್ತರ ಇರಲಿಲ್ಲ. ಒಳಗಿನ ಪುಟ ನೇರವಾಗಿ ಬಳಕೆದಾರರನ್ನೇ ಕೇಳಬಹುದಿತ್ತು. ಹೊರಗಿನ ಪುಟದವರಿಗೆ ಗೊತ್ತೇ ಇಲ್ಲದೆ ಅವರ ಪುಟದ ಮೇಲೆ ‘ನಿಮ್ಮ ಲೊಕೇಶನ್ ಬೇಕು’ ಅನ್ನುವ ಚೀಟಿ ಮೂಡುತ್ತಿತ್ತು. 2017ರ ಜುಲೈನಲ್ಲಿ ಬಂದ ಕ್ರೋಮ್ 60 ಇದಕ್ಕೆ ಫೀಚರ್ ಪಾಲಿಸಿ ಅನ್ನುವ ವ್ಯವಸ್ಥೆಯನ್ನು ತಂದಿತು. 2018ರ ಜನವರಿಯ ಕ್ರೋಮ್ 64ರಿಂದ ಬೇರೆ ಸೈಟಿನ ಐಫ್ರೇಮ್‌ಗಳಿಗೆ ಕ್ಯಾಮೆರಾ, ಮೈಕ್, ಲೊಕೇಶನ್ ಸುಮ್ನೆ ಸಿಗುವುದು ನಿಂತಿತು. ಹೊರಗಿನ ಪುಟ ಐಫ್ರೇಮ್ ಸಾಲಿನಲ್ಲಿ ‘ಅಲೌ’ ಅಂತ ಬರೆದು ಇಂಥದ್ದಕ್ಕೆ ಬಿಡು ಅಂತ ಹೇಳಿದರೆ ಮಾತ್ರ ಒಳಗಿನ ಪುಟ ಕೇಳಬಹುದು. ಫೈರ್‌ಫಾಕ್ಸ್ ಅದೇ ದಾರಿಗೆ ಬಂದದ್ದು 2020ರ ಮಾರ್ಚ್‌ನ 74ನೇ ಆವೃತ್ತಿಯಲ್ಲಿ. ಎರಡು ವರ್ಷಕ್ಕೂ ಜಾಸ್ತಿ ಅಂತರ. ಅದೇ ವರ್ಷ ಫೀಚರ್ ಪಾಲಿಸಿಗೆ ಪರ್ಮಿಷನ್ಸ್ ಪಾಲಿಸಿ ಅಂತ ಹೊಸ ಹೆಸರಿಟ್ಟರು. ಹೆಡರ್, ಅಂದರೆ ಪುಟದ ಜೊತೆ ಸರ್ವರ್ ಕಳಿಸುವ ಸೂಚನೆ, ಅದನ್ನು ಬರೆಯುವ ರೀತಿಯೂ ಬದಲಾಯಿತು. 2021ರ ಜನವರಿಯ ಕ್ರೋಮ್ 88ರಲ್ಲಿ ಹೊಸದು ಜಾರಿಗೆ ಬಂತು.

ಈ ವ್ಯವಸ್ಥೆಯ ಜೀವ ಇರುವುದು ಒಂದು ಪುಟ್ಟ ಮಾತಿನಲ್ಲಿ. ಪ್ರತಿ ಸೌಲಭ್ಯಕ್ಕೂ ಒಂದು ಡೀಫಾಲ್ಟ್ ಪಟ್ಟಿ ಇರುತ್ತದೆ. ಮುಖ್ಯವಾಗಿ ಎರಡು ಬಗೆ. ಒಂದು ‘ಸೆಲ್ಫ್’. ಹೊರಗಿನ ಪುಟಕ್ಕೆ ಮತ್ತು ಅದೇ ಸೈಟಿನ ಐಫ್ರೇಮ್‌ಗಳಿಗೆ ಮಾತ್ರ ಬಾಗಿಲು ತೆಗೆದಿರುತ್ತದೆ, ಬೇರೆಯವರಿಗೆ ಒಡೆಯರು ಹೇಳಬೇಕು. ಇನ್ನೊಂದು ನಕ್ಷತ್ರದ ಗುರುತು. ಒಳಗೆ ಬಂದವರಿಗೆಲ್ಲ ಬಾಗಿಲು ತೆರೆದಿದೆ, ಬೇಡ ಅನ್ನುವುದಾದರೆ ಒಡೆಯರೇ ಹೇಳಿ ಮುಚ್ಚಿಸಬೇಕು. ಕ್ಯಾಮೆರಾ, ಮೈಕ್, ಲೊಕೇಶನ್, ಪೂರ್ತಿ ಪರದೆ, ಪೇಮೆಂಟ್, ಆಟೋಪ್ಲೇ ಇವೆಲ್ಲ ಸೆಲ್ಫ್. ವಿಡಿಯೊವನ್ನು ಮೂಲೆಯ ಚಿಕ್ಕ ಕಿಟಕಿಗೆ ತರುವ ಪಿಕ್ಚರ್ ಇನ್ ಪಿಕ್ಚರ್‌ಗೆ ನಕ್ಷತ್ರ.

ಯಾವುದಕ್ಕೆ ಯಾವ ಡೀಫಾಲ್ಟ್ ಅಂತ ಹೇಳುವುದು ಆಯಾ ಸೌಲಭ್ಯದ ಸ್ಪೆಸಿಫಿಕೇಶನ್, ಅಂದರೆ ಅದು ಹೇಗೆ ಕೆಲಸ ಮಾಡಬೇಕು ಅಂತ ಬರೆದಿಟ್ಟ ನಿಯಮ. ಪರ್ಮಿಷನ್ಸ್ ಪಾಲಿಸಿಯ ಚೌಕಟ್ಟು ವೆಬ್‌ನ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ವೆಬ್ ಅಪ್ಲಿಕೇಶನ್ ಸೆಕ್ಯುರಿಟಿ ಗುಂಪಿನ ಕೈಯಲ್ಲಿದೆ. ಆದರೆ ಸೌಲಭ್ಯಗಳನ್ನು ಬರೆಯುವವರು ಬೇರೆ ಬೇರೆ ಗುಂಪಿನವರು. ಹೀಗಾಗಿ ಡೀಫಾಲ್ಟ್ ಒಂದೇ ಕಡೆ ಕೂತು ಯೋಚಿಸಿ ಆರಿಸಿದ್ದಲ್ಲ. ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಆರಿಸಿದ್ದು. ಹಳೆಯ ಸೌಲಭ್ಯವಾದರೆ ಈಗಾಗಲೇ ಲಕ್ಷಾಂತರ ಪುಟಗಳು ಅದನ್ನು ನೆಚ್ಚಿಕೊಂಡಿರುತ್ತವೆ, ಮುಚ್ಚಿದರೆ ಅವೆಲ್ಲ ಮುರಿಯುತ್ತವೆ ಅಂತ ನಕ್ಷತ್ರ ಇಡುತ್ತಾರೆ. ಹೊಸದಾದರೆ ಸೆಲ್ಫ್ ಇಡಲು ಅಷ್ಟು ಕಷ್ಟ ಇಲ್ಲ.

ಇನ್ನು ಸ್ಪೆಸಿಫಿಕೇಶನ್‌ನಲ್ಲಿ ಬರೆದದ್ದು ಬ್ರೌಸರ್‌ನಲ್ಲಿ ಹಾಗೇ ಇರುತ್ತದೆ ಅಂತಲೂ ಇಲ್ಲ. ಇವತ್ತು ಬ್ರೌಸರ್ ಹೆಸರು ಹತ್ತಾರು ಇದ್ದರೂ ಒಳಗಿನ ಎಂಜಿನ್ ಮುಖ್ಯವಾಗಿ ಮೂರೇ. ಕ್ರೋಮ್, ಎಡ್ಜ್, ಬ್ರೇವ್, ಒಪೇರಾ, ಸ್ಯಾಮ್‌ಸಂಗ್ ಇಂಟರ್ನೆಟ್ ಎಲ್ಲಕ್ಕೂ ಬ್ಲಿಂಕ್. ಫೈರ್‌ಫಾಕ್ಸ್‌ಗೆ ಗೆಕೊ. ಸಫಾರಿಗೆ ವೆಬ್‌ಕಿಟ್. ಐಫ್ರೇಮ್ ಮೇಲೆ ಬರೆಯುವ ‘ಅಲೌ’ ಮೂರಕ್ಕೂ ಗೊತ್ತು, ಆದರೆ ಅದರೊಳಗಿನ ಎಲ್ಲ ಪದಗಳೂ ಮೂರಕ್ಕೂ ಗೊತ್ತಿಲ್ಲ. ಇಡೀ ಸೈಟಿಗೆ ಒಂದೇ ಸಲ ಹೇಳುವ ಪರ್ಮಿಷನ್ಸ್ ಪಾಲಿಸಿ ಹೆಡರ್ ಈ ಎಲ್ಲ ವರ್ಷವೂ ಬ್ಲಿಂಕ್ ಕುಟುಂಬದಲ್ಲಿ ಮಾತ್ರ ಸರಿಯಾಗಿ ನಡೆದಿದೆ. ಹೆಡರ್ ಹಾಕಿದೆ, ನನ್ನ ಸೈಟ್ ಭದ್ರ ಆಯಿತು ಅಂತ ನೆಮ್ಮದಿಯಾಗಿರುವ ಎಷ್ಟೋ ಜನರ ಸೈಟುಗಳಲ್ಲಿ ಐಫೋನ್‌ನವರಿಗೆ ಆ ಹೆಡರ್ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ದೇಶದಲ್ಲಿ ಐಫೋನ್‌ಗೆ ಯಾವ ಬ್ರೌಸರ್ ಹಾಕಿಕೊಂಡರೂ ಒಳಗೆ ಓಡುವುದು ವೆಬ್‌ಕಿಟ್ಟೇ.

ನನ್ನ ಬಟನ್ ಕೆಟ್ಟದ್ದೂ ಇದೇ ಬಿರುಕಿನಲ್ಲಿ. ಕ್ಲಿಪ್‌ಬೋರ್ಡ್‌ಗೆ ಬರೆಯುವುದನ್ನು ಕ್ರೋಮ್ ಪಾಲಿಸಿಯ ಕೆಳಗೆ ತಂದು, ಡೀಫಾಲ್ಟ್ ಸೆಲ್ಫ್ ಅಂತ ಇಟ್ಟಿದೆ. ಫೈರ್‌ಫಾಕ್ಸ್ ಮತ್ತು ಸಫಾರಿ ಆ ಅನುಮತಿಯನ್ನೇ ಒಪ್ಪಿಕೊಂಡಿಲ್ಲ. ಬಳಕೆದಾರರು ನಿಜವಾಗಿ ಬಟನ್ ಒತ್ತಿದರಾ ಅಂತ ನೋಡಿಕೊಂಡು ಬಿಡುವುದು ಅವುಗಳ ರೀತಿ. ಎರಡೂ ವಾದಕ್ಕೆ ತೂಕ ಇದೆ. ಒತ್ತಿದ ಮೇಲೆ ಕಾಪಿ ಆಗುವುದರಲ್ಲಿ ಏನು ತಪ್ಪು ಅಂತ ಒಬ್ಬರು. ಜಾಹೀರಾತಿನ ಐಫ್ರೇಮ್ ಮೇಲೆ ಕೈ ತಾಗಿದರೆ ನಮ್ಮ ಕ್ಲಿಪ್‌ಬೋರ್ಡ್‌ಗೆ ಯಾರದೋ ಯುಪಿಐ ಐಡಿ ಬಂದು ಕೂತರೆ ಏನು ಗತಿ ಅಂತ ಇನ್ನೊಬ್ಬರು. ನನಗೆ ಎರಡನೆಯದು ಹೆಚ್ಚು ಸರಿ ಕಾಣುತ್ತದೆ. ಆದರೆ ಯಾವುದೋ ಒಂದನ್ನು ಎಲ್ಲರೂ ಆರಿಸಿದ್ದಿದ್ದರೆ ನಾನು ಮೊದಲ ದಿನವೇ ತಪ್ಪು ಹಿಡಿದಿರುತ್ತಿದ್ದೆ.

ಇಲ್ಲೇ ನನಗೆ ಎಲ್ಲಕ್ಕಿಂತ ಚಿಂತೆಯ ವಿಷಯ ಇರುವುದು. ಡೀಫಾಲ್ಟ್‌ಗಳು ಬೇರೆ ಬೇರೆ ಇದ್ದಾಗ ಡೆವಲಪರ್‌ಗಳು ಏನು ಮಾಡುತ್ತಾರೆ? ಒಂದೊಂದನ್ನೂ ಪರೀಕ್ಷಿಸುತ್ತಾ ಕೂರುವುದಿಲ್ಲ. ಎಲ್ಲವನ್ನೂ ಬರೆದುಬಿಡುತ್ತಾರೆ. ಯೂಟ್ಯೂಬ್ ವಿಡಿಯೊ ಕೆಳಗೆ ಶೇರ್ ಒತ್ತಿ, ಎಂಬೆಡ್ ಆರಿಸಿ ನೋಡಿ. 560 ಅಗಲ, 315 ಎತ್ತರದ ಐಫ್ರೇಮ್ ಕೋಡ್ ಕೊಡುತ್ತದೆ. ಅದರ ‘ಅಲೌ’ ಒಳಗೆ ಆಕ್ಸೆಲರೋಮೀಟರ್, ಆಟೋಪ್ಲೇ, ಕ್ಲಿಪ್‌ಬೋರ್ಡ್ ರೈಟ್, ಎನ್‌ಕ್ರಿಪ್ಟೆಡ್ ಮೀಡಿಯಾ, ಜೈರೋಸ್ಕೋಪ್, ಪಿಕ್ಚರ್ ಇನ್ ಪಿಕ್ಚರ್, ವೆಬ್ ಶೇರ್, ಇಷ್ಟೂ ಇರುತ್ತವೆ. ಸುತ್ತ ತಿರುಗಿ ನೋಡುವ 360 ಡಿಗ್ರಿ ವಿಡಿಯೊಗಳಿಗೆ ಜೈರೋಸ್ಕೋಪ್ ಬೇಕು, ಒಪ್ಪುವ ಮಾತು. ಆದರೆ ಹೆಚ್ಚಿನ ವಿಡಿಯೊ ಅಂಥದ್ದಲ್ಲವಲ್ಲ. ಪಿಕ್ಚರ್ ಇನ್ ಪಿಕ್ಚರ್‌ಗೆ ಡೀಫಾಲ್ಟ್ ಹೇಗೂ ನಕ್ಷತ್ರ, ಹೆಸರಿಸುವ ಅಗತ್ಯವೇ ಇಲ್ಲ. ಆದರೂ ಪಟ್ಟಿಯಲ್ಲಿದೆ. ಯಾವ ಬ್ರೌಸರ್ ಯಾವಾಗ ಬದಲಾಗುತ್ತದೋ ಅನ್ನುವ ಭಯ ಇದ್ದರೆ ನಾನಾದರೂ ಹಾಗೇ ಬರೆಯುತ್ತಿದ್ದೆ.

ನಾವು ಆ ಸಾಲನ್ನು ಓದದೇ ಪೇಸ್ಟ್ ಮಾಡುತ್ತೇವೆ. ವಿಡಿಯೊ ಕರೆಯ ಐಫ್ರೇಮ್ ಕೆಲಸ ಮಾಡದಿದ್ದರೆ ಹುಡುಕಿ, ಯಾರೋ ಕೊಟ್ಟ ಉತ್ತರದಿಂದ ‘ಕ್ಯಾಮೆರಾ ನಕ್ಷತ್ರ, ಮೈಕ್ ನಕ್ಷತ್ರ’ ಅಂತ ಕಾಪಿ ಮಾಡಿ ಹಾಕುತ್ತೇವೆ. ಆ ನಕ್ಷತ್ರಕ್ಕೆ ಬೆಲೆ ಇದೆ. ಬರೀ ಕ್ಯಾಮೆರಾ ಅಂತ ಬರೆದರೆ ಐಫ್ರೇಮ್‌ನ ವಿಳಾಸದಲ್ಲಿರುವ ಸೈಟಿಗೆ ಮಾತ್ರ ಅನುಮತಿ. ಆ ಐಫ್ರೇಮ್ ಮುಂದೆ ಬೇರೆ ಸೈಟಿಗೆ ಹೋದರೆ ಅನುಮತಿ ಜೊತೆಗೆ ಹೋಗುವುದಿಲ್ಲ. ನಕ್ಷತ್ರ ಹಾಕಿದರೆ ಎಲ್ಲಿಗೆ ಹೋದರೂ ಅನುಮತಿ ಹಿಂದೆಯೇ ಹೋಗುತ್ತದೆ. ಬ್ರೌಸರ್‌ನವರು ಕಷ್ಟಪಟ್ಟು ಮುಚ್ಚಿದ ಬಾಗಿಲನ್ನು ಹೀಗೆ ನಾವೇ ಹಾರು ಹೊಡೆಯುತ್ತೇವೆ. ಡೀಫಾಲ್ಟ್ ಎಲ್ಲ ಕಡೆ ಒಂದೇ ಆಗಿದ್ದು, ನಂಬುವ ಹಾಗಿದ್ದರೆ ಜನ ಬೇಕಾದಷ್ಟೇ ಬರೆಯುತ್ತಾರೆ. ನಂಬಿಕೆ ಇಲ್ಲದಿದ್ದಾಗ ಜಾಸ್ತಿ ಕೊಟ್ಟುಬಿಡುತ್ತಾರೆ.

ಹಾಗಾದರೆ ಎಲ್ಲ ಬ್ರೌಸರ್‌ಗಳೂ ಮಾತಾಡಿಕೊಂಡು ಎಲ್ಲವನ್ನೂ ಮುಚ್ಚಿಬಿಟ್ಟರೆ ಆಯಿತಲ್ವಾ? ಅಷ್ಟು ಸುಲಭ ಅಲ್ಲ ಅಂತ ತೋರಿಸಿದ್ದು 2021ರ ಅಲರ್ಟ್ ಪ್ರಕರಣ.

ಪುಟದ ಮೇಲೆ ಒಂದು ಚಿಕ್ಕ ಪೆಟ್ಟಿಗೆ ಬಂದು, ಓಕೆ ಒತ್ತುವವರೆಗೂ ಅಲ್ಲಾಡುವುದಿಲ್ಲ, ಅದು ಅಲರ್ಟ್. ಜಾವಾಸ್ಕ್ರಿಪ್ಟ್ ಕಲಿತವರ ಮೊದಲ ಸಾಲು ಹೆಚ್ಚಾಗಿ ಅದೇ. ನನ್ನದೂ ಅದೇ. ಕಾಲೇಜಿನ ಲ್ಯಾಬಿನಲ್ಲಿ ಆ ಪೆಟ್ಟಿಗೆಯಲ್ಲಿ ನನ್ನ ಹೆಸರು ಕಂಡಾಗ ಆದ ಖುಷಿ ಇನ್ನೂ ನೆನಪಿದೆ. ವಂಚಕರಿಗೂ ಅದು ಇಷ್ಟ. ಜಾಹೀರಾತಿನ ಐಫ್ರೇಮ್‌ನಿಂದ ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಅಂತ ಪೆಟ್ಟಿಗೆ ಎಬ್ಬಿಸಿದರೆ, ನೋಡಿದವರು ಅದು ಹೊರಗಿನ ಸೈಟೇ ಹೇಳಿದ್ದು, ಅಥವಾ ಬ್ರೌಸರೇ ಹೇಳಿದ್ದು ಅಂತ ನಂಬುತ್ತಾರೆ. ಅದಕ್ಕೇ ಬೇರೆ ಸೈಟಿನ ಐಫ್ರೇಮ್‌ನಿಂದ ಅಲರ್ಟ್ ಬೇಡ ಅಂತ ಕ್ರೋಮ್‌ನವರು ಹೊರಟರು. ಫೈರ್‌ಫಾಕ್ಸ್, ಸಫಾರಿ ಕಡೆಯವರೂ ತಲೆಯಾಡಿಸಿದರು. ಹೊಂದಾಣಿಕೆ ಅಂದರೆ ಇದೇ ತಾನೆ?

2021ರ ಜುಲೈನಲ್ಲಿ ಕ್ರೋಮ್ 92 ಬಂತು, ಅಲರ್ಟ್ ನಿಂತಿತು. ನಿಂತದ್ದು ವಂಚಕರದ್ದು ಮಾತ್ರ ಅಲ್ಲ. ಕೋಡ್‌ಪೆನ್‌ನಂಥ ಸೈಟುಗಳಲ್ಲಿ ನಾವು ಬರೆದ ಕೋಡ್ ಓಡುವುದು ಒಂದು ಐಫ್ರೇಮ್ ಒಳಗೆ, ಅದೂ ಬೇರೆ ವಿಳಾಸದಲ್ಲಿ. ಬೇಕೆಂದೇ ಹಾಗೆ ಮಾಡಿರುತ್ತಾರೆ, ಯಾರೋ ಬರೆದ ಕೋಡ್ ಮುಖ್ಯ ಸೈಟನ್ನು ಮುಟ್ಟಬಾರದು ಅಂತ. ಅಲ್ಲಿ ಕಲಿಯುವವರ ಮೊದಲ ಸಾಲು ಕೆಲಸ ಮಾಡುವುದು ನಿಂತುಹೋಯಿತು. ಪಾಠ ಮಾಡುವವರಿಗೆ ಯಾಕೆ ಅಂತ ಗೊತ್ತಾಗಲಿಲ್ಲ. ಕಚೇರಿಗಳ ಒಳಗಿನ ಎಷ್ಟೋ ಹಳೆಯ ಸಾಫ್ಟ್‌ವೇರ್‌ಗಳಲ್ಲಿ ‘ಖಚಿತವಾಗಿ ಅಳಿಸಲೇ?’ ಅಂತ ಕೇಳುವ ಪೆಟ್ಟಿಗೆ ಬರಲಿಲ್ಲ. ಗಲಾಟೆ ಎಷ್ಟಾಯಿತು ಅಂದರೆ ಆಗಸ್ಟ್‌ನಲ್ಲೇ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಂಡು, 2022ರ ಜನವರಿಯವರೆಗೆ ಮುಂದೂಡಿದರು.

ತಪ್ಪು ಎಲ್ಲಾಯಿತು? ಉದ್ದೇಶ ಸರಿಯಾಗಿತ್ತು ಅಂತಲೇ ಈಗಲೂ ಅನ್ನುತ್ತೇನೆ. ಬಾಗಿಲು ಹಾಕಿದರು, ಬೀಗದ ಕೈಯನ್ನು ಮಾತ್ರ ಪುಟದ ಒಡೆಯರಿಗೆ ಕೊಡಲಿಲ್ಲ. ಕ್ಯಾಮೆರಾಕ್ಕಾದರೆ ‘ಅಲೌ’ ಇದೆ. ಅಲರ್ಟ್‌ಗೆ ಅಂಥ ಪದವೇ ಇರಲಿಲ್ಲ. ಇದ್ದದ್ದು ದೊಡ್ಡ ಕಚೇರಿಗಳ ಅಡ್ಮಿನ್‌ಗಳಿಗೆ ಒಂದು ಸೆಟ್ಟಿಂಗ್, ಅರ್ಜಿ ಹಾಕಿದ ಸೈಟುಗಳಿಗೆ ತಾತ್ಕಾಲಿಕ ವಿನಾಯ್ತಿ. ಹಳ್ಳಿಯ ಶಾಲೆಯ ಕಂಪ್ಯೂಟರ್ ಮೇಷ್ಟರು ಅಂಥ ಅರ್ಜಿ ಹಾಕುತ್ತಾರಾ? ಬ್ರೌಸರ್ ಕಂಪನಿಗಳು ತಮ್ಮ ನಡುವೆ ಮಾತಾಡಿಕೊಂಡಿದ್ದವು. ಐಫ್ರೇಮ್ ಮೇಲೆ ದಿನದ ಕೆಲಸ ಮಾಡುವವರ ಜೊತೆ ಮಾತಾಡಿದ್ದು ಸಾಲದಾಯಿತು.

ಅದರ ಹಿಂದಿನ ವರ್ಷ ಇದಕ್ಕಿಂತ ಜಾಣತನದಿಂದ ನಡೆದ ಒಂದು ಉದಾಹರಣೆ ಇದೆ. ಕುಕಿಗಳ ಸೇಮ್‌ಸೈಟ್ ಅನ್ನುವ ಗುಣ. ಕುಕಿ ಅಂದರೆ ನಮ್ಮನ್ನು ಗುರುತಿಟ್ಟುಕೊಳ್ಳಲು ಸೈಟ್ ನಮ್ಮ ಬ್ರೌಸರ್‌ನಲ್ಲಿ ಇಡುವ ಚಿಕ್ಕ ಟಿಪ್ಪಣಿ. ಐಫ್ರೇಮ್ ಒಳಗಿನ ಸೈಟಿಗೆ ಅದರ ಕುಕಿ ಹೋಗಬೇಕಾ ಬೇಡವಾ ಅಂತ ಅದು ಹೇಳುತ್ತದೆ. ಸೈಟ್ ಏನೂ ಹೇಳದಿದ್ದರೆ ಹೋಗುತ್ತಿತ್ತು. ಏನೂ ಹೇಳದಿದ್ದರೆ ಹೋಗಬಾರದು ಅಂತ ಕ್ರೋಮ್ 80 ತಿರುಗಿಸಿತು. 2020ರ ಫೆಬ್ರವರಿಯಲ್ಲಿ ನಿಧಾನವಾಗಿ ಬಿಡಲು ಶುರು ಮಾಡಿದರು. ಮಾರ್ಚ್‌ನಲ್ಲಿ ಕೊರೊನಾ. ಬ್ಯಾಂಕು, ದಿನಸಿ, ಸರ್ಕಾರಿ ಸೇವೆ ಎಲ್ಲವೂ ಜನರಿಗೆ ಆನ್‌ಲೈನ್‌ನಲ್ಲೇ ಬೇಕಾದ ಹೊತ್ತು. ಏಪ್ರಿಲ್ 3ರಂದು ಕ್ರೋಮ್ ಆ ಬದಲಾವಣೆಯನ್ನು ವಾಪಸ್ ತೆಗೆದುಕೊಂಡಿತು, ಜುಲೈ ಮಧ್ಯದಲ್ಲಿ ಮತ್ತೆ ಶುರು ಮಾಡಿತು. ಆ ತಾಳ್ಮೆ ನನಗೆ ಬಹಳ ಇಷ್ಟವಾಯಿತು. ಇಲ್ಲಿ ಬೀಗದ ಕೈಯೂ ಇತ್ತು. ಸೇಮ್‌ಸೈಟ್ ಬೇಡ ಅಂತ ಸ್ಪಷ್ಟವಾಗಿ ಬರೆದು, ಕುಕಿಯನ್ನು ಎಚ್‌ಟಿಟಿಪಿಎಸ್‌ಗೆ ಮಾತ್ರ ಸೀಮಿತ ಮಾಡಿದರೆ ಹಳೆಯ ಹಾಗೇ ನಡೆಯುತ್ತಿತ್ತು.

ಆದರೂ ಹೊಂದಾಣಿಕೆ ಅಲ್ಲೂ ಪೂರ್ತಿ ಆಗಲಿಲ್ಲ. ಸಫಾರಿ 2020ರ ಮಾರ್ಚ್‌ನಿಂದಲೇ ಹೊರಗಿನವರ ಕುಕಿಯನ್ನು ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಪ್ರತಿ ಸೈಟಿಗೂ ಬೇರೆ ಬೇರೆ ಡಬ್ಬಿ ಮಾಡಿ ಕುಕಿಗಳನ್ನು ಅದರೊಳಗೇ ಇಡುತ್ತದೆ. ಕ್ರೋಮ್ ಹೊರಗಿನವರ ಕುಕಿ ತೆಗೆಯುತ್ತೇವೆ ಅಂತ ವರ್ಷಗಟ್ಟಲೆ ಹೇಳಿ, 2024 ಮತ್ತು 2025ರಲ್ಲಿ ಆ ಮಾತಿನಿಂದ ಹಿಂದೆ ಸರಿಯಿತು. ಒಂದೇ ಐಫ್ರೇಮ್, ಮೂರು ಬ್ರೌಸರ್, ಮೂರು ನಡವಳಿಕೆ.

ಡೀಫಾಲ್ಟ್‌ಗೆ ಇನ್ನೊಂದು ಮುಖವೂ ಇದೆ, ಅದನ್ನು ಹೇಳದೇ ಬಿಡಲು ಮನಸ್ಸಾಗುವುದಿಲ್ಲ. ಕ್ಯಾಮೆರಾಕ್ಕೆ ಸೆಲ್ಫ್ ಇಟ್ಟವರೇ ಜಾಹೀರಾತಿಗೆ ಬೇಕಾದ ಸೌಲಭ್ಯಗಳಿಗೆ ಎಲ್ಲ ತೆರೆದ ಡೀಫಾಲ್ಟ್ ಇಟ್ಟರು. 2021ರಲ್ಲಿ ಗೂಗಲ್ ಫ್ಲಾಕ್ ಅನ್ನುವ ಪ್ರಯೋಗ ಮಾಡಿತು. ನಾವು ನೋಡುವ ಸೈಟುಗಳನ್ನು ಗಮನಿಸಿ, ನಮ್ಮನ್ನು ಒಂದೊಂದು ಆಸಕ್ತಿಯ ಗುಂಪಿಗೆ ಸೇರಿಸಿ, ಆ ಗುಂಪಿನ ಸಂಖ್ಯೆಯನ್ನು ಜಾಹೀರಾತಿನವರಿಗೆ ಕೊಡುವ ಯೋಜನೆ. ಪ್ರಯೋಗಕ್ಕೆ ಆರಿಸಿದ 10 ದೇಶಗಳಲ್ಲಿ ಭಾರತವೂ ಒಂದು. ಆ ದೇಶಗಳ ಕ್ರೋಮ್ ಬಳಕೆದಾರರಲ್ಲಿ ಶೇ 0.5ರಷ್ಟು ಮಂದಿಯನ್ನು ಸೇರಿಸಿಕೊಂಡರು. ಯಾರನ್ನೂ ಕೇಳಲಿಲ್ಲ. ನನ್ನ ಸೈಟನ್ನು ಈ ಲೆಕ್ಕಕ್ಕೆ ಸೇರಿಸಬೇಡಿ ಅನ್ನುವವರು ತಮ್ಮ ಸರ್ವರ್‌ನಿಂದ ಪರ್ಮಿಷನ್ಸ್ ಪಾಲಿಸಿ ಹೆಡರ್ ಕಳಿಸಬೇಕಿತ್ತು.

ಗಿಟ್‌ಹಬ್ ತನ್ನ ಗಿಟ್‌ಹಬ್ ಪೇಜಸ್ ಸೈಟುಗಳಿಗೆ ಆ ಹೆಡರ್ ಹಾಕಿತು. ವರ್ಡ್‌ಪ್ರೆಸ್‌ನಲ್ಲಿ ಇದನ್ನು ಭದ್ರತೆಯ ಸಮಸ್ಯೆ ಅಂತಲೇ ಪರಿಗಣಿಸೋಣ ಅನ್ನುವ ಪ್ರಸ್ತಾಪ ಬಂತು. ಬ್ರೇವ್, ವಿವಾಲ್ಡಿ ನಮ್ಮಲ್ಲಿ ಇದು ಬೇಡವೇ ಬೇಡ ಅಂದವು. ಆದರೆ ಬ್ಲಾಗರ್‌ನಲ್ಲಿ ವರ್ಷಗಳಿಂದ ಕಥೆ, ಅಡುಗೆ, ಊರಿನ ಇತಿಹಾಸ ಬರೆಯುತ್ತಾ ಬಂದ ಕನ್ನಡದವರಿಗೆ ಸರ್ವರ್ ಹೆಡರ್ ಮುಟ್ಟುವ ದಾರಿಯೇ ಇರಲಿಲ್ಲ. ಬೇಡ ಅನ್ನುವ ಹಕ್ಕು ಇತ್ತು, ಬೇಡ ಅಂತ ಬರೆಯುವ ಜಾಗ ಅವರ ಕೈಯಲ್ಲಿರಲಿಲ್ಲ. 2022ರ ಜನವರಿಯಲ್ಲಿ ಫ್ಲಾಕ್ ಹೋಗಿ ಟಾಪಿಕ್ಸ್ ಬಂತು. ಅದಕ್ಕೂ ಡೀಫಾಲ್ಟ್ ನಕ್ಷತ್ರವೇ. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಟಾಪಿಕ್ಸ್ ಸೇರಿದಂತೆ ಪ್ರೈವೆಸಿ ಸ್ಯಾಂಡ್‌ಬಾಕ್ಸ್ ಅನ್ನುವ ತನ್ನ ದೊಡ್ಡ ಯೋಜನೆಯ ಹೆಚ್ಚಿನ ಭಾಗಗಳನ್ನು ನಿಲ್ಲಿಸುವುದಾಗಿ ಗೂಗಲ್ ಹೇಳಿತು.

ಹಳೆಯ ಪುಟಗಳು ಮುರಿಯುತ್ತವೆ ಅಂತ ನಕ್ಷತ್ರ ಇಟ್ಟರೆ ನನಗೆ ಅರ್ಥ ಆಗುತ್ತದೆ. ಟಾಪಿಕ್ಸ್‌ಗೆ ಹಳೆಯ ಪುಟವೇ ಇರಲಿಲ್ಲ, ಅದು ಹೊಚ್ಚ ಹೊಸದು. ಅಲ್ಲಿ ನಕ್ಷತ್ರ ಇಟ್ಟದ್ದು ಜಾಹೀರಾತಿನವರ ಅನುಕೂಲಕ್ಕೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಒಪ್ಪಿಗೆ ಅಂದರೆ ಸ್ಪಷ್ಟವಾಗಿ, ತಿಳಿದು, ಏನಾದರೊಂದು ಮಾಡಿ ತೋರಿಸಿದ ಒಪ್ಪಿಗೆ ಅನ್ನುತ್ತದೆ. ಸುಮ್ಮನಿದ್ದವರನ್ನು ಒಪ್ಪಿದವರು ಅಂತ ಎಣಿಸುವ ಡೀಫಾಲ್ಟ್‌ಗಳು ಆ ಮಾತಿನ ಎದುರಿಗೆ ನಿಲ್ಲುವುದು ಕಷ್ಟ.

ಒಪ್ಪಿಗೆ ಕೇಳುವ ಚೀಟಿಯಲ್ಲೂ ಒಂದು ತೊಡಕಿದೆ. ಹೊರಗಿನ ಪುಟ ‘ಅಲೌ’ ಬರೆದು ಐಫ್ರೇಮ್‌ಗೆ ಕ್ಯಾಮೆರಾ ಬಿಟ್ಟಿದೆ ಅಂತಿಟ್ಟುಕೊಳ್ಳಿ. ಒಳಗಿನ ಪುಟ ಕೇಳಿದಾಗ ಕ್ರೋಮ್ ತೋರಿಸುವ ಚೀಟಿಯಲ್ಲಿ ಹೊರಗಿನ ಸೈಟಿನ ಹೆಸರೇ ಇರುತ್ತದೆ. ವಾದ ಏನೆಂದರೆ, ಬಳಕೆದಾರರಿಗೆ ಗೊತ್ತಿರುವುದು ವಿಳಾಸದ ಪಟ್ಟಿಯಲ್ಲಿ ಕಾಣುವ ಆ ಒಂದೇ ಹೆಸರು, ಜವಾಬ್ದಾರಿಯೂ ಅವರದ್ದೇ. ಸರಿ. ಆದರೆ ವೈದ್ಯರ ಸೈಟ್ ತೆರೆದು, ಅದರೊಳಗಿನ ವಿಡಿಯೊ ಕರೆಗೆ ಒಪ್ಪಿದ ನಮ್ಮಮ್ಮನಂಥವರಿಗೆ, ಕ್ಯಾಮೆರಾ ಹೋದದ್ದು ವಿಡಿಯೊ ಕಂಪನಿಗೆ ಅಂತ ತಿಳಿಯುವುದೇ ಇಲ್ಲ. ಪುಟ ನಕ್ಷತ್ರ ಹಾಕಿ ಕ್ಯಾಮೆರಾ ಬಿಟ್ಟಿದ್ದರೆ ಫೈರ್‌ಫಾಕ್ಸ್ ಎರಡೂ ಹೆಸರು ಹೇಳುತ್ತದೆ: ಇಂಥ ಸೈಟ್ ಇಂಥ ಇನ್ನೊಂದು ಸೈಟಿಗೆ ನಿಮ್ಮ ಕ್ಯಾಮೆರಾ ಬಳಸಲು ಅನುಮತಿ ಕೊಡಬಹುದಾ ಅಂತ. ಓದಲು ಸ್ವಲ್ಪ ಉದ್ದ. ಆದರೆ ನಿಜ ಹೇಳುತ್ತದೆ. ಎಲ್ಲ ಬ್ರೌಸರ್‌ಗಳೂ, ಎಲ್ಲ ಸಂದರ್ಭಕ್ಕೂ, ಕನ್ನಡದಲ್ಲೂ ಹೀಗೇ ಕೇಳಿದರೆ ಎಷ್ಟು ಚೆನ್ನ.

ಇತ್ತೀಚಿನ ಒಂದು ಬದಲಾವಣೆ ನನಗೆ ಭರವಸೆ ಕೊಟ್ಟಿದೆ. ನಮ್ಮ ಮನೆಯ ವೈಫೈಯಲ್ಲಿ ಪ್ರಿಂಟರ್, ರೌಟರ್, ಸಿಸಿಟಿವಿ ಎಲ್ಲ ಇರುತ್ತವೆ. ನಾವು ತೆರೆದ ಯಾವುದೋ ಪುಟ, ಅದರೊಳಗಿನ ಯಾವುದೋ ಐಫ್ರೇಮ್ ನಮ್ಮ ಬ್ರೌಸರ್ ಮೂಲಕ ಅವುಗಳ ಬಾಗಿಲು ತಟ್ಟಬಹುದಿತ್ತು, ನಮ್ಮನ್ನು ಕೇಳದೆ. ಆಂಡ್ರಾಯ್ಡ್ ಫೋನಿನಲ್ಲಿ ಮೆಟಾ ಮತ್ತು ಯಾಂಡೆಕ್ಸ್ ಆ್ಯಪ್‌ಗಳು ಫೋನಿನೊಳಗೇ ಕಿವಿಗೊಟ್ಟು ಕೂತು, ಬ್ರೌಸರ್‌ನಲ್ಲಿ ಓಡುವ ತಮ್ಮ ಸ್ಕ್ರಿಪ್ಟ್‌ಗಳಿಂದ ಗುರುತು ಪಡೆಯುತ್ತಿದ್ದವು ಅಂತ 2025ರ ಜೂನ್‌ನಲ್ಲಿ ಸಂಶೋಧಕರು ಬಯಲು ಮಾಡಿದರು. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಬಂದ ಕ್ರೋಮ್ 142 ಇಂಥ ಸಂಪರ್ಕಕ್ಕೆ ಮೊದಲು ಅನುಮತಿ ಕೇಳುತ್ತದೆ. ಬೇರೆ ಸೈಟಿನ ಐಫ್ರೇಮ್‌ಗಳಿಗೆ ಡೀಫಾಲ್ಟ್ ಮುಚ್ಚಿದೆ, ಹೊರಗಿನ ಪುಟ ‘ಅಲೌ’ ಬರೆದರೆ ಮಾತ್ರ ಕೇಳಬಹುದು. ಇದೂ ಒಂದು ಹಳೆಯ ದಾರಿಯನ್ನು ಮುಚ್ಚಿದ್ದೇ. ಕೆಲವು ಕಚೇರಿಗಳ ಕೆಲಸಕ್ಕೆ ತೊಂದರೆ ಆಗಿರಬಹುದು. ಆದರೆ ಬೀಗದ ಕೈ ಮೊದಲ ದಿನದಿಂದಲೇ ಇದೆ.

ಡೀಫಾಲ್ಟ್ ಬದಲಿಸಬೇಕು ಅಂದರೆ ನಡೆಯುವುದು ಹೀಗೆ. ಕ್ರೋಮ್‌ನಲ್ಲಿ ಏನಾದರೂ ಹೊಸದು ಹೊರಬರಲು ಬ್ಲಿಂಕ್‌ನಲ್ಲಿ ಇಂಥ ತೀರ್ಮಾನ ಮಾಡುವ, ಎಪಿಐ ಮಾಲೀಕರು ಅನ್ನುವ ಗುಂಪಿನ ಮೂವರ ಒಪ್ಪಿಗೆ ಬೇಕು. ಅದಕ್ಕೆ ಮುಂಚೆ ಫೈರ್‌ಫಾಕ್ಸ್ ಏನನ್ನುತ್ತದೆ, ಸಫಾರಿ ಏನನ್ನುತ್ತದೆ ಅಂತ ಬರೆಯಬೇಕು. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಮತ್ತು ವೆಬ್‌ಕಿಟ್ ತಮ್ಮ ನಿಲುವನ್ನು ಬಹಿರಂಗವಾಗಿ ಬರೆದಿಡುತ್ತವೆ. ಎಲ್ಲ ಬ್ರೌಸರ್‌ಗೂ ಒಂದೇ ಪ್ರಶ್ನೆಪತ್ರಿಕೆಯಂತೆ ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್ ಇವೆ. 2022ರಿಂದ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಸೇರಿ ಇಂಟರಾಪ್ ಅಂತ ಪ್ರತಿ ವರ್ಷ ಕೆಲವು ವಿಷಯ ಆರಿಸಿ, ಎಲ್ಲರೂ ಒಂದೇ ಥರ ಮಾಡೋಣ ಅಂತ ಕೆಲಸ ಮಾಡುತ್ತವೆ. ಕೂತು ಮಾತಾಡುವ ಕಟ್ಟೆ ಇದೆ ಅಂತಾಯಿತು. ಐಫ್ರೇಮ್‌ನ ಡೀಫಾಲ್ಟ್‌ಗಳನ್ನು ಒಟ್ಟಾಗಿ ಆ ಕಟ್ಟೆಗೆ ತಂದು ಕೂರಿಸಬೇಕು, ಒಂದೊಂದನ್ನೇ ಬಿಡಿಯಾಗಿ ಅಲ್ಲ.

ಅಲ್ಲಿ ನಾನು ಕೇಳುವುದಾದರೆ ಹೊಸ ಸೌಲಭ್ಯ ಯಾವುದೇ ಇರಲಿ, ಜಾಹೀರಾತಿನದ್ದಾದರೂ ಸರಿ, ಸೆಲ್ಫ್‌ನಿಂದಲೇ ಶುರುವಾಗಲಿ ಅನ್ನುತ್ತೇನೆ. ಹಳೆಯದನ್ನು ಮುಚ್ಚುವಾಗ ಮೂರೂ ಎಂಜಿನ್ ಒಂದೇ ದಿನಾಂಕ ಹೇಳಲಿ. ಒಬ್ಬರು ಮೊದಲು ಮುಚ್ಚಿದರೆ ‘ಆ ಬ್ರೌಸರ್ ಸರಿ ಇಲ್ಲ, ಇದರಲ್ಲಿ ತೆರೆಯಿರಿ’ ಅಂತ ಜನರಿಗೆ ಹೇಳುವುದು ನಮ್ಮಂಥ ಸೈಟ್ ಮಾಡುವವರೇ. ಮುಚ್ಚಿದವರಿಗೆ ಶಿಕ್ಷೆ, ತೆರೆದಿಟ್ಟವರಿಗೆ ಬಹುಮಾನ ಆಗಿಬಿಡುತ್ತದೆ. ಪುಟ ಮುಚ್ಚುವಾಗ ಓಡುವ ಅನ್‌ಲೋಡ್ ಅನ್ನುವ ಹಳೆಯ ಸೌಲಭ್ಯವನ್ನು ಕ್ರೋಮ್ ಈಗ ಡೀಫಾಲ್ಟ್ ಬದಲಿಸುವ ಮೂಲಕವೇ ನಿಧಾನಕ್ಕೆ ಹಿಂದೆ ಸರಿಸುತ್ತಿದೆ. ಸ್ವಲ್ಪ ಸ್ವಲ್ಪ ಪಾಲಿನ ಪುಟಗಳಲ್ಲಿ ಮುಚ್ಚುತ್ತಾ ಹೋಗುವುದು, ಬೇಕಾದವರಿಗೆ ಸದ್ಯಕ್ಕೆ ತೆರೆದುಕೊಳ್ಳುವ ದಾರಿ ಬಿಡುವುದು. ಈ ನಿಧಾನವೇ ಸರಿ.

ಹಾಗಿದ್ದರೂ ಯಾರೂ ಮುಟ್ಟದ ಪುಟಗಳು ಮುರಿಯುತ್ತವೆ. ಇದನ್ನು ಹಗುರವಾಗಿ ಹೇಳುತ್ತಿಲ್ಲ. ತೀರಿಹೋದ ಮೇಷ್ಟರೊಬ್ಬರು ಹತ್ತು ವರ್ಷದ ಹಿಂದೆ ತಾಲ್ಲೂಕಿನ ಶಾಸನಗಳನ್ನೆಲ್ಲ ಮ್ಯಾಪಿನ ಮೇಲೆ ಗುರುತು ಹಾಕಿ ಒಂದು ಪುಟ ಮಾಡಿದ್ದರು. ಈಗ ಅದರಲ್ಲಿ ‘ನಾನಿರುವ ಜಾಗ’ ಅನ್ನುವ ಬಟನ್ ಕೆಲಸ ಮಾಡುವುದಿಲ್ಲ, ‘ಅಲೌ’ ಸೇರಿಸಲು ಪಾಸ್‌ವರ್ಡ್ ಯಾರಲ್ಲೂ ಇಲ್ಲ. ಆದರೆ ಶಾಸನಗಳ ಗುರುತು, ಫೋಟೊ, ಅವರು ಬರೆದ ಟಿಪ್ಪಣಿ ಎಲ್ಲ ಹಾಗೇ ಇವೆ. ಲೊಕೇಶನ್ ಮುಚ್ಚಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆ ಪುಟ ತೆರೆದಾಗಲೆಲ್ಲ ಒಂದು ನಿಮಿಷ ಸಂಕಟ ಆಗುವುದೂ ನಿಜ.

ಗ್ರಂಥಾಲಯದ ಪುಟವನ್ನು ಈಗ ಕ್ರೋಮ್, ಫೈರ್‌ಫಾಕ್ಸ್, ತಂಗಿಯ ಐಫೋನ್, ಮೂರರಲ್ಲೂ ಒತ್ತಿ ನೋಡಿದ ಮೇಲೇ ಬಿಡುತ್ತೇನೆ. ದೇಣಿಗೆ ಫಾರಂಗೆ ಕ್ಲಿಪ್‌ಬೋರ್ಡ್‌ಗೆ ಬರೆಯಲು ಬಿಟ್ಟಿದ್ದೇನೆ, ಆ ಒಂದೇ ಸೈಟಿಗೆ, ನಕ್ಷತ್ರ ಇಲ್ಲದೆ. ಫಾರಂ ಕೊಟ್ಟ ಕಂಪನಿಗೂ ಪತ್ರ ಬರೆದೆ, ನಿಮ್ಮ ಕೋಡಿನಲ್ಲೇ ಆ ಪದ ಸೇರಿಸಿ ಕೊಡಿ ಅಂತ. ಇನ್ನೂ ಉತ್ತರ ಬಂದಿಲ್ಲ. ಬಟನ್ ಪಕ್ಕದಲ್ಲಿ ಒಂದು ಸಾಲನ್ನೂ ಬರೆದಿದ್ದೇನೆ: ದುಡ್ಡು ಕಳಿಸುವ ಮುಂಚೆ ಗ್ರಂಥಾಲಯದ ಹೆಸರು ಕಾಣುತ್ತಿದೆಯಾ ನೋಡಿಕೊಳ್ಳಿ.